ತಿಂಗಳ ಖರ್ಚು, ಮುಂದಿನ ತಲೆಮಾರು: ರಾಜ್ಯ ಸರ್ಕಾರದ ಕೈಯಲ್ಲಿರುವುದೇನು?

(ಪದವಿ ಕಾಲೇಜೊಂದರ ಅರ್ಥಶಾಸ್ತ್ರ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2025ರ ಮೊದಲ ನಾಲ್ಕು ತಿಂಗಳಲ್ಲಿ ಕರ್ನಾಟಕದ ಒಂದು ಸಾಧಾರಣ ಮನೆಯ ಲೆಕ್ಕದಲ್ಲಿ ಏನೇನು ಬದಲಾಯಿತು ಎಂಬುದನ್ನು ಮೊದಲು ನೋಡೋಣ. ಜನವರಿ 5ರಿಂದ ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಏರಿತು. ಫೆಬ್ರವರಿ 9ರಿಂದ ಬೆಂಗಳೂರು ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿ ಲೀಟರಿಗೆ ಸುಮಾರು 2 ರೂಪಾಯಿ ಸೇರಿತು. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತಿನಲ್ಲಿ ಯೂನಿಟ್ಟಿಗೆ 36 ಪೈಸೆ ಕೂಡಿಕೊಂಡಿತು. ಬೆಂಗಳೂರಿನವರಿಗೆ ಇದರ ಜೊತೆಗೆ ಕಸ ವಿಲೇವಾರಿಯ ಶುಲ್ಕವೂ ಬಂತು. ಇದೇ ಮನೆಯ ಯಜಮಾನಿಯ ಬ್ಯಾಂಕ್ ಖಾತೆಗೆ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000 ರೂಪಾಯಿ ಬರುತ್ತಿತ್ತು, ವಿದ್ಯುತ್ ಬಿಲ್ಲು ಬಹುಪಾಲು ಸೊನ್ನೆಯಾಗಿತ್ತು, ಆಕೆಯೂ ಆಕೆಯ ಮಗಳೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡುತ್ತಿರಲಿಲ್ಲ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು ಎಂದು ವಿರೋಧ ಪಕ್ಷದವರು ಹೇಳಿದರು. ಕಿತ್ತುಕೊಂಡದ್ದಕ್ಕಿಂತ ಕೊಟ್ಟದ್ದು ಹೆಚ್ಚು ಎಂದು ಸರ್ಕಾರದವರು ಹೇಳಿದರು. ಈ ಕೂಡು-ಕಳೆ ಲೆಕ್ಕ ಬೇಕಾದದ್ದೇ, ಬಡ ಮನೆಯ ಮಟ್ಟಿಗೆ ಅದರಲ್ಲಿ ಸರ್ಕಾರದ ಮಾತೇ ಬಹುಶಃ ಸರಿ. ಆದರೆ ಈ ಹೊತ್ತು ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಒಂದು ಮನೆಯ ತಿಂಗಳ ಖರ್ಚು ಒಂದಿಷ್ಟು ಇಳಿಯುವುದು ಒಂದು ಸಂಗತಿ. ಆ ಮನೆಯ ಮಕ್ಕಳು ತಂದೆತಾಯಿಗಿಂತ ಹೆಚ್ಚು ಸಂಪಾದನೆಯ, ಹೆಚ್ಚು ಮರ್ಯಾದೆಯ ಕೆಲಸಕ್ಕೆ ಹೋಗುವುದು ಇನ್ನೊಂದು ಸಂಗತಿ. ಮೊದಲನೆಯದನ್ನು ಜೀವನ ವೆಚ್ಚ ಎನ್ನುತ್ತೇವೆ, ಎರಡನೆಯದನ್ನು ಆರ್ಥಿಕ ಮೇಲ್ಚಲನೆ ಎನ್ನುತ್ತೇವೆ. ರಾಜ್ಯ ಸರ್ಕಾರಗಳ ನೀತಿಗಳು ಎರಡನ್ನೂ ತಟ್ಟುತ್ತವೆ, ಆದರೆ ಎರಡನ್ನೂ ಒಂದೇ ದಿಕ್ಕಿನಲ್ಲಿ ತಳ್ಳುವುದಿಲ್ಲ. ಎಲ್ಲರ ಕಣ್ಣಿಗೆ ಬೀಳುವ ಸಣ್ಣ ಖರ್ಚುಗಳನ್ನು ನಮ್ಮ ಸರ್ಕಾರಗಳು ಮುತುವರ್ಜಿಯಿಂದ ಇಳಿಸುತ್ತ ಬಂದಿವೆ. ಮೇಲೇರಲು ಹೊರಟವನು ಬಾಗಿಲಲ್ಲೇ ತೆರಬೇಕಾದ ದೊಡ್ಡ ಖರ್ಚುಗಳನ್ನು, ಅಂದರೆ ನಗರದ ಬಾಡಿಗೆ ಮನೆಯ ಮುಂಗಡ, ಮಕ್ಕಳ ಶಾಲೆಯ ಫೀಸು, ಕಾಲೇಜಿನ ಊರಿನಲ್ಲಿ ಉಳಿದುಕೊಳ್ಳುವ ಖರ್ಚು ಇವುಗಳನ್ನು, ಹೆಚ್ಚುಕಡಿಮೆ ಮುಟ್ಟದೆ ಬಿಟ್ಟಿವೆ ಎಂಬುದು ನನ್ನ ವಾದ.

ರಾಜ್ಯಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡದೆ ಈ ವಾದ ಮುಂದಕ್ಕೆ ಹೋಗುವುದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಹೆಚ್ಚಿನ ಸರಕುಗಳ ತೆರಿಗೆ ದರವನ್ನು ರಾಜ್ಯವೊಂದೇ ತೀರ್ಮಾನಿಸುವಂತಿಲ್ಲ. ಸ್ವಂತ ಇಚ್ಛೆಯಿಂದ ಏರಿಸಲು ಇಳಿಸಲು ಉಳಿದಿರುವುದು ಪೆಟ್ರೋಲ್, ಡೀಸೆಲ್, ಮದ್ಯ, ವಾಹನ ತೆರಿಗೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಇನ್ನು ಒಂದೆರಡು. 2022ರ ಜೂನ್‌ಗೆ ಜಿಎಸ್‌ಟಿ ನಷ್ಟ ಪರಿಹಾರದ ಅವಧಿಯೂ ಮುಗಿಯಿತು. ಆದ್ದರಿಂದ ಯಾವ ಪಕ್ಷದ ಸರ್ಕಾರ ಬಂದರೂ ದುಡ್ಡು ಬೇಕಾದಾಗ ಕೈ ಹೋಗುವುದು ಇದೇ ನಾಲ್ಕೈದು ಕಡೆಗೆ, ಮತ್ತು ಇವುಗಳಲ್ಲಿ ಹೆಚ್ಚಿನವು ಆದಾಯ ನೋಡಿ ಹಾಕುವ ತೆರಿಗೆಗಳಲ್ಲ.

ಮದ್ಯದ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು; ಕುಡಿಯುವ ಕೂಲಿಕಾರರು ಕಡಿಮೆ ಬೆಲೆಯ ವಿಸ್ಕಿ, ಬ್ರ್ಯಾಂದಿಗಳಿಗೆ ತಿರುಗಿದರು. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಹದಿನೆಂಟೂ ದರಪಟ್ಟಿಗಳ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಲಾಯಿತು. ಮರುವರ್ಷ ಆಗಸ್ಟ್‌ನಲ್ಲಿ ದುಬಾರಿ ಬ್ರ್ಯಾಂಡುಗಳ ಸುಂಕವನ್ನು, ಪಕ್ಕದ ರಾಜ್ಯಗಳಿಗಿಂತ ಹೆಚ್ಚಾಯಿತೆಂದು, ಇಳಿಸಲಾಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಗೃಹಲಕ್ಷ್ಮಿಗೆ ತೆಗೆದಿರಿಸಿದ್ದು ಸುಮಾರು 28,600 ಕೋಟಿ. ಇವೆರಡನ್ನು ಅಕ್ಕಪಕ್ಕ ಇಟ್ಟು ಗಂಡನಿಂದ ತೆಗೆದು ಹೆಂಡತಿಗೆ ಕೊಡುತ್ತಾರೆ ಎಂದು ನಗುವವರಿದ್ದಾರೆ. ನಗುವ ಮುನ್ನ ಯೋಚಿಸಬೇಕಾದದ್ದು ಬೇರೆ ಇದೆ: ಆ ಹಣ ಮನೆಯೊಳಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋದರೂ, ಖರ್ಚು ಮಾಡುವ ತೀರ್ಮಾನ ಯಾರದ್ದು ಎಂಬುದು ಬದಲಾಗುತ್ತದೆ. ಅದರ ಫಲ ಮಗುವಿನ ಊಟದಲ್ಲಿ, ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಸಾಧ್ಯ. ಆದರೂ ಕುಡಿತ ಹೆಚ್ಚಿದಷ್ಟೂ ಕಲ್ಯಾಣಕ್ಕೆ ಹಣ ಹೆಚ್ಚುವ ಈ ಏರ್ಪಾಡು ದೀರ್ಘಕಾಲಕ್ಕೆ ಹಿತವಲ್ಲವೆಂದೇ ನನ್ನ ಎಣಿಕೆ.

ಇನ್ನು ಗ್ಯಾರಂಟಿಗಳೆಂದು ಹೆಸರಾದ ರಾಜ್ಯ ಸರ್ಕಾರದ ಐದು ಕಲ್ಯಾಣ ಯೋಜನೆಗಳು. ಇವುಗಳನ್ನು ಒಟ್ಟಾಗಿ ಹೊಗಳುವುದೂ ಒಟ್ಟಾಗಿ ತೆಗಳುವುದೂ ರೂಢಿಯಾಗಿದೆ. ನನಗೆ ಅವು ಒಂದೇ ಜಾತಿಯವೆಂದು ಅನ್ನಿಸುವುದಿಲ್ಲ. ಅನ್ನಭಾಗ್ಯ ಹಸಿವಿನ ವಿರುದ್ಧದ ಕ್ರಮ, ಅದರ ಅಗತ್ಯವನ್ನು ಇಲ್ಲಿ ವಾದಿಸಬೇಕಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಿದರು, 2025ರ ಫೆಬ್ರವರಿಯಿಂದ ಅಕ್ಕಿಯನ್ನೇ ಕೊಡತೊಡಗಿದರು ಎಂಬುದನ್ನಷ್ಟೇ ನೆನಪಿಸಿ ಮುಂದೆ ಹೋಗುತ್ತೇನೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ತಿಂಗಳ ಖರ್ಚನ್ನು ಇಳಿಸುತ್ತದೆ, ಅಷ್ಟೇ. ಅದರ ಉಚಿತ ಮಿತಿ ಆಯಾ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಕಟ್ಟಿಹಾಕಿದ್ದಾದ್ದರಿಂದ, ಹಿಂದೆ ಹೆಚ್ಚು ಬಳಸಿದವರಿಗೆ ಹೆಚ್ಚು, ಕಡಿಮೆ ಬಳಸಿದವರಿಗೆ ಕಡಿಮೆ ಸಿಕ್ಕಿತು. ಎರಡು ಬಲ್ಬಿನ ಮನೆಗೆ ಫ್ರಿಜ್ಜು ಬಂದರೆ ಮಿತಿ ದಾಟುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಮಾತ್ರ ಬೇರೆ ಬಗೆಯದು. 2023ರ ಜೂನ್ 11ರಂದು ಆರಂಭವಾದ ಇದು 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣಗಳನ್ನು ದಾಟಿತು. ಟೀಕಾಕಾರರು ಧರ್ಮಸ್ಥಳದ ಬಸ್ಸಿನ ನೂಕುನುಗ್ಗಲನ್ನೇ ತೋರಿಸುತ್ತಾರೆ. ಹೆಂಗಸರು ದೇವಸ್ಥಾನಕ್ಕೆ ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಹಳ್ಳಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕು ಕೇಂದ್ರಕ್ಕೆ ದಿನವೂ ಹೋಗಿ ಬರುವ ಖರ್ಚೇ ಒಬ್ಬ ಮಹಿಳೆಗೆ ಯಾವ ಕೆಲಸ ಎಟುಕುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ದಿನಕ್ಕೆ 60 ರೂಪಾಯಿ ಬಸ್ಸಿಗೆ ಹೋದರೆ ತಿಂಗಳ 26 ದಿನಕ್ಕೆ 1,560 ರೂಪಾಯಿ; 8,000 ರೂಪಾಯಿ ಸಂಬಳದ ಅಂಗಡಿ ಕೆಲಸಕ್ಕೆ ಇಷ್ಟು ಖರ್ಚು ಮಾಡಿಕೊಂಡು ಹೋಗುವುದಕ್ಕಿಂತ ಊರಲ್ಲೇ ಇರು ಎಂದು ಮನೆಯವರು ಹೇಳುತ್ತಾರೆ. ಆ ಖರ್ಚು ಸೊನ್ನೆಯಾದಾಗ ಆಕೆಯ ಕೆಲಸದ ಮಾರುಕಟ್ಟೆಯ ಸುತ್ತಳತೆಯೇ ದೊಡ್ಡದಾಗುತ್ತದೆ. ಬಿಲ್ಲು ಇಳಿಸುವುದಕ್ಕೂ ದುಡಿಮೆಯ ದಾರಿ ತೆರೆಯುವುದಕ್ಕೂ ನಡುವಿನ ವ್ಯತ್ಯಾಸ ಇದೇ.

ಆದರೆ ಶಕ್ತಿಗೂ ಒಂದು ಷರತ್ತಿದೆ: ಸರ್ಕಾರಿ ಬಸ್ಸು ಇರಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹಲವಾರು ಮಾರ್ಗಗಳು ಖಾಸಗಿ ಬಸ್ಸಿನವರ ಕೈಯಲ್ಲಿವೆ. ಮಂಗಳೂರಿನ ಖಾಸಗಿ ಸಿಟಿ ಬಸ್ಸು ಹತ್ತುವ ಬೀಡಿ ಕಟ್ಟುವ ಹೆಂಗಸೋ ಗೇರುಬೀಜ ಕಾರ್ಖಾನೆಯ ಹೆಂಗಸೋ ಟಿಕೆಟ್ಟಿಗೆ ದುಡ್ಡು ಕೊಟ್ಟೇ ಹೋಗಬೇಕು. ಮಲೆನಾಡಿನ ಕೆಲವು ಕಡೆಯೂ ಇದೇ ಕತೆ. ಇನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರುಗಳಲ್ಲಿ ಉಚಿತ ಟಿಕೆಟ್ಟಿಗಿಂತ ಮೂರನೆಯ ಬಸ್ಸು ಹೆಚ್ಚು ಉಪಕಾರಿ. ನಿಗಮಗಳಿಗೆ ಸರ್ಕಾರ ಯೋಜನೆಯ ಹಣವನ್ನು ಕಾಲಕಾಲಕ್ಕೆ ತುಂಬಿಕೊಡದಿದ್ದರೆ ಆ ಮೂರನೆಯ ಬಸ್ಸು ಬರುವುದಿಲ್ಲ, ಇರುವ ಎರಡರಲ್ಲಿ ಒಂದು ಡಿಪೊದಲ್ಲೇ ನಿಲ್ಲುತ್ತದೆ.

ಇಲ್ಲಿ ಹಾಲಿನ ಮಾತು ಬರಬೇಕು, ಏಕೆಂದರೆ ಬೆಲೆ ಏರಿಕೆ ಎಂದೊಡನೆ ಎಲ್ಲರಿಗೂ ನಷ್ಟ ಎಂದು ಭಾವಿಸುವ ಅಭ್ಯಾಸ ನಮಗಿದೆ. ಏರಿಸಿದ 4 ರೂಪಾಯಿ ಉತ್ಪಾದಕರಿಗೆ ಹೋಗುತ್ತದೆ ಎಂದು ಸರ್ಕಾರ ಹೇಳಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮನೆಗೆ ದಿನಕ್ಕೆ ಒಂದು ಲೀಟರಿನ ಲೆಕ್ಕದಲ್ಲಿ ತಿಂಗಳಿಗೆ 120 ರೂಪಾಯಿ ಹೆಚ್ಚಾಗುತ್ತದೆ. ಕೋಲಾರ, ಮಂಡ್ಯ, ಹಾಸನಗಳಲ್ಲಿ ಎರಡು ಹಸು ಕಟ್ಟಿಕೊಂಡು ದಿನಕ್ಕೆ ಹನ್ನೆರಡು ಲೀಟರ್ ಡೇರಿಗೆ ಹಾಕುವ ಮನೆಗೆ ಅದೇ 4 ರೂಪಾಯಿ ತಿಂಗಳಿಗೆ 1,440 ಆಗುತ್ತದೆ. ಹಿಂಡಿ, ಬೂಸಾದ ಬೆಲೆ ಏರಿಕೆ ಅದರಲ್ಲಿ ಒಂದು ಪಾಲನ್ನು ತಿಂದರೂ ಉಳಿದದ್ದು ಮಗಳ ಕಾಲೇಜಿನ ಫೀಸಾಗಬಹುದು. ನಗರದ ಗ್ರಾಹಕನ ಜೀವನ ವೆಚ್ಚ ಹಳ್ಳಿಯ ಉತ್ಪಾದಕನ ಮೇಲ್ಚಲನೆಯಾಗುವ ಇಂಥ ಕಡೆಗಳಲ್ಲಿ ಸರ್ಕಾರ ಬೆಲೆಯನ್ನು ಅದುಮಿ ಹಿಡಿಯುವುದೇ ಜನಪರ ಎಂದು ಹೇಳಲಾಗದು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಮೇಲೇರುವುದೆಂದರೆ ಬಹುತೇಕರ ಪಾಲಿಗೆ ಬೆಂಗಳೂರಿಗೆ ಬರುವುದು. ರಾಜ್ಯದ ಆರ್ಥಿಕ ಸಮೀಕ್ಷೆಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿ ಜಿಲ್ಲೆಯದರ ಸುಮಾರು ಐದು ಪಟ್ಟು. ಹಾಗಾದರೆ ಕಲಬುರಗಿಯಿಂದ, ಯಾದಗಿರಿಯಿಂದ ಇನ್ನೂ ಹೆಚ್ಚು ಜನ ಬಂದು ನೆಲೆಸುವುದಿಲ್ಲವೇಕೆ? ಬರುತ್ತಾರೆ, ಆದರೆ ಕಟ್ಟಡದ ಕೆಲಸಕ್ಕೆ, ತಗಡಿನ ಶೆಡ್ಡಿಗೆ, ಕೆಲವು ತಿಂಗಳ ಮಟ್ಟಿಗೆ ಬರುತ್ತಾರೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬರುತ್ತಾರೆ. ಸಂಸಾರ ಸಮೇತ ನೆಲೆಸಲು ಬಾಡಿಗೆ ಮನೆ ಬೇಕು, ಬಾಡಿಗೆ ಮನೆಗೆ ಮುಂಗಡ ಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವುದು ಹಳೆಯ ರೂಢಿ. ಈಗ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. 12,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 1,20,000 ರೂಪಾಯಿ. ಗೃಹಲಕ್ಷ್ಮಿಯ ಹಣವನ್ನು ಒಂದು ರೂಪಾಯಿಯನ್ನೂ ಮುಟ್ಟದೆ ಕೂಡಿಟ್ಟರೆ ಸರಿಯಾಗಿ ಐದು ವರ್ಷಕ್ಕೆ, ಅಂದರೆ ಒಂದು ಸರ್ಕಾರದ ಪೂರ್ಣಾವಧಿಗೆ, ಇಷ್ಟಾಗುತ್ತದೆ.

ಈ ಮುಂಗಡದ ವಿಷಯದಲ್ಲಿ ಕಾನೂನು ಏನನ್ನುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಮ್ಮಲ್ಲಿದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಸಂಸಾರ ಹೂಡುವಂಥ ಮನೆ ಸಿಗುವುದೇ ಅಪರೂಪವಾದ್ದರಿಂದ ಬಾಡಿಗೆದಾರರಲ್ಲಿ ಬಹುಪಾಲು ಜನ ಆ ಕಾಯ್ದೆಯ ಹೊರಗೇ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಭೂಮಿ, ಬಾಡಿಗೆ ಇವು ರಾಜ್ಯದ ವಿಷಯಗಳಾದ್ದರಿಂದ ಅದನ್ನು ಒಪ್ಪುವುದು ಬಿಡುವುದು ರಾಜ್ಯಕ್ಕೆ ಸೇರಿದ್ದು.

ಅಂಕಿಅಂಶಗಳಲ್ಲೂ ಬಾಡಿಗೆ ಅಡಗಿ ಕೂರುತ್ತದೆ. ಕೇಂದ್ರದ 2023-24ರ ಕೌಟುಂಬಿಕ ವೆಚ್ಚ ಸಮೀಕ್ಷೆಯಲ್ಲಿ ನಗರ ಭಾರತದ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಶೇ 40ರ ಸಮೀಪವಿದ್ದರೆ ಬಾಡಿಗೆಯ ಪಾಲು ಶೇ 7ಕ್ಕಿಂತ ಕಡಿಮೆ. ಇದನ್ನು ಓದಿ ಬಾಡಿಗೆ ದೊಡ್ಡ ಸಮಸ್ಯೆಯಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಸ್ವಂತ ಮನೆಯಲ್ಲಿರುವವರನ್ನೂ ಸೇರಿಸಿ ತೆಗೆದ ಸರಾಸರಿ ಅದು. ಹೊಸದಾಗಿ ಊರಿಗೆ ಬಂದವನ ಸಂಬಳದಲ್ಲಿ ಮೂರನೆಯ ಒಂದು ಭಾಗ ಬಾಡಿಗೆಗೇ ಹೋಗುತ್ತಿದ್ದರೂ ಆ ಸರಾಸರಿಯಲ್ಲಿ ಅವನು ಕಾಣುವುದಿಲ್ಲ.

ಬಾಡಿಗೆ ಏಕೆ ಏರುತ್ತದೆ ಎಂಬುದಕ್ಕೆ ಬೇಡಿಕೆಯೊಂದೇ ಕಾರಣವಲ್ಲ. ಬೆಂಗಳೂರು ಇಂದಿಗೂ 2007ರಲ್ಲಿ ಒಪ್ಪಿಗೆ ಪಡೆದ, 2015ನೆಯ ಇಸವಿಯನ್ನು ಗುರಿಯಾಗಿಟ್ಟ ನಗರ ಯೋಜನೆಯ ಮೇಲೆ ನಡೆಯುತ್ತಿದೆ. 2031ರ ಕರಡು ಯೋಜನೆ ಜಾರಿಯಾಗದೆ ಹಿಂದಕ್ಕೆ ಹೋಯಿತು. ಕೃಷಿ ಜಮೀನನ್ನು ವಸತಿಗೆ ಭೂಪರಿವರ್ತನೆ ಮಾಡಿಸುವುದು, ಬಡಾವಣೆಗೆ ಅನುಮೋದನೆ, ಖಾತೆ, ನೀರು, ವಿದ್ಯುತ್ ಇವೆಲ್ಲ ಬೇರೆ ಬೇರೆ ಕಚೇರಿಗಳ ಕೆಲಸ. ಈ ದಾರಿಯನ್ನು ನೆಟ್ಟಗೆ ನಡೆಯಲಾಗದವರು ಭೂಪರಿವರ್ತನೆಯಾಗದ ಕಂದಾಯ ನಿವೇಶನ ಕೊಳ್ಳುತ್ತಾರೆ, ಪೂರ್ಣ ಮಾನ್ಯತೆಯಿಲ್ಲದ ಬಿ-ಖಾತೆಯ ಮನೆ ಕಟ್ಟುತ್ತಾರೆ, ಅದಕ್ಕೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಹೆಚ್ಚು ಬಡ್ಡಿಯ ಕೈಸಾಲ ಮಾಡುತ್ತಾರೆ. ಮನೆ ಕೊಳ್ಳುವವನ ಮೇಲೆ 2023ರ ಅಕ್ಟೋಬರ್‌ನಲ್ಲಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಯ, ಅಂದರೆ ಮಾರ್ಗಸೂಚಿ ದರದ, ಏರಿಕೆ ಬಂತು; 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಹೋಯಿತು. ಮೊದಲ ಸಲ ನೋಂದಣಿಯಾಗುವ ಕಡಿಮೆ ಬೆಲೆಯ ಫ್ಲ್ಯಾಟುಗಳಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ ಎಂಬುದು ನಿಜ. ಆದರೆ ಅಂಥ ಬೆಲೆಯ ಫ್ಲ್ಯಾಟು ಎಷ್ಟು ದೂರ ಹೋದರೆ ಸಿಗುತ್ತದೆ ಎಂಬುದು ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಗೊತ್ತು.

ಇದೇ ರಾಜ್ಯ ಒಮ್ಮೆ ಬಾಡಿಗೆಯ ಪ್ರಶ್ನೆಯನ್ನು ಎದುರಿಸಿದ ರೀತಿಯನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಅಲ್ಲಿದ್ದದ್ದು ಮನೆ ಬಾಡಿಗೆಯಲ್ಲ, ಹೊಲದ ಗೇಣಿ. ದೇವರಾಜ ಅರಸು ಸರ್ಕಾರ 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿ, ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದೆಂದು ಸಾರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ತಾಲ್ಲೂಕು ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಸಾಧಿಸಿಕೊಂಡರು. ಬಯಲುಸೀಮೆಯ ಕೂಲಿಕಾರರಿಗೆ ಇದರಿಂದ ಹೆಚ್ಚೇನೂ ದಕ್ಕಲಿಲ್ಲ, ಏಕೆಂದರೆ ಅವರು ಗೇಣಿದಾರರೇ ಆಗಿರಲಿಲ್ಲ. ಹಲವೆಡೆ ಒಡೆಯರು ಮುಂಚಿತವಾಗಿಯೇ ಒಕ್ಕಲೆಬ್ಬಿಸಿದ್ದರೆಂಬುದೂ ನಿಜ. ಆದರೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ವರ್ಷವರ್ಷವೂ ಬೆಳೆಯ ದೊಡ್ಡ ಪಾಲನ್ನು ಒಡೆಯನಿಗೆ ಅಳೆಯುತ್ತಿದ್ದ ಮನೆಗಳಲ್ಲಿ ಆ ಪಾಲು ಉಳಿಯಿತು, ಮತ್ತು ಉಳಿದದ್ದು ಮಕ್ಕಳ ಓದಿಗೆ ಹೋಯಿತು. ಗೇಣಿ ಬಿಟ್ಟುಹೋದ ಮನೆಗಳ ಎರಡನೆಯ ತಲೆಮಾರನ್ನು ಇಂದು ಮುಂಬೈನಲ್ಲಿ, ಕೊಲ್ಲಿ ದೇಶಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ ಕಾಣಬಹುದು. ಖರ್ಚನ್ನೂ ಇಳಿಸಿ ಮೇಲಕ್ಕೂ ಏರಿಸಿದ ನೀತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಚರಿತ್ರೆಯಲ್ಲಿ ನನಗೆ ತೋರುವುದಿಲ್ಲ.

ಓದಿನ ವಿಷಯಕ್ಕೆ ಬಂದರೆ ಕರ್ನಾಟಕದ ಕತೆ ದೇಶಕ್ಕೇ ಪಾಠವಾದದ್ದು. 1984ರಲ್ಲಿ ರಾಜ್ಯ ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ನಿಗದಿತ ಫೀಸಿನ ಮೇಲೆ ಕೀಳುವ ಹಣವನ್ನು, ನಿಷೇಧಿಸುವ ಕಾಯ್ದೆ ತಂದಿತು. ಅದರಡಿ 1989ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತು. ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಆ 60,000ವನ್ನು ಕ್ಯಾಪಿಟೇಶನ್ ಶುಲ್ಕವೇ ಎಂದು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ವಿಭಜನೆಯನ್ನು ದೇಶಕ್ಕೆ ಕೊಟ್ಟಿತು. ನಮ್ಮ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಮೂಲಕ ಅರ್ಹತೆಯ ಮೇಲೆ ಸೀಟು ಹಂಚುವ ಏರ್ಪಾಡು ಇದಕ್ಕೆ ಹೊಂದಿಕೊಂಡಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಚೌಕಟ್ಟನ್ನು ಕಳಚುವವರೆಗಿನ ಸುಮಾರು ಒಂಬತ್ತು ವರ್ಷ, ಹಳ್ಳಿಯ ಮೇಷ್ಟರ ಮಗ, ಸಣ್ಣ ರೈತನ ಮಗಳು ಪೇಮೆಂಟ್ ಸೀಟಿನವರು ಕೊಟ್ಟ ಫೀಸಿನ ಆಸರೆಯಲ್ಲಿ ಎಂಜಿನಿಯರಿಂಗ್ ಓದಿದರು. ಅದೇ ವರ್ಷಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯುತ್ತಿತ್ತು. ಬೊಕ್ಕಸಕ್ಕೆ ಹೆಚ್ಚು ಹೊರೆಯಿಲ್ಲದೆ ನಡೆದ ಈ ಏರ್ಪಾಡನ್ನು ಕಲ್ಯಾಣ ಯೋಜನೆ ಎಂದು ಯಾರೂ ಕರೆಯಲಿಲ್ಲ, ಆದರೆ ಮೇಲ್ಚಲನೆಯ ಲೆಕ್ಕದಲ್ಲಿ ಅದು ಹಲವು ಗ್ಯಾರಂಟಿಗಳನ್ನು ಮೀರಿಸುತ್ತದೆ. ವಂಚಿತ ಸಮುದಾಯಗಳಿಗೆ ಅದರಲ್ಲಿ ಪಾಲು ದೊರಕಿದ್ದಕ್ಕೆ 1918ರ ಮಿಲ್ಲರ್ ಸಮಿತಿಯಿಂದ 1975ರ ಹಾವನೂರು ವರದಿಯವರೆಗಿನ ಮೀಸಲಾತಿಯ ದೀರ್ಘ ಹಿನ್ನೆಲೆ ಇದೆ. ಅದು ಇನ್ನೊಂದು ಉಪನ್ಯಾಸದ ವಸ್ತು.

ಶಾಲೆಯ ಹಂತದಲ್ಲಿ ನಾವು ಹಿಂದಕ್ಕೆ ಹೆಜ್ಜೆ ಇಟ್ಟಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25 ಸೀಟುಗಳು ಬಡ ಮಕ್ಕಳಿಗೆ ಸಿಗುತ್ತಿದ್ದವು. 2019ರ ಆರಂಭದಲ್ಲಿ ರಾಜ್ಯ ತನ್ನ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಿತು; ಲಕ್ಷದ ಆಸುಪಾಸಿನಲ್ಲಿದ್ದ ಪ್ರವೇಶಗಳು ಕೆಲವೇ ಸಾವಿರಕ್ಕೆ ಕುಸಿದವು. ಸರ್ಕಾರಿ ಶಾಲೆ ಖಾಲಿಯಾಗುತ್ತಿದೆ, ಖಾಸಗಿಯವರಿಗೆ ಸರ್ಕಾರವೇ ಹಣ ಏಕೆ ಕಟ್ಟಬೇಕು ಎಂಬ ವಾದದಲ್ಲಿ ತಿರುಳಿದೆ. ಆದರೆ ಆ ತಿದ್ದುಪಡಿಯ ಬೆನ್ನಿಗೇ ಸರ್ಕಾರಿ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರನ್ನು ಕೊಟ್ಟಿದ್ದರೆ ಆ ವಾದಕ್ಕೆ ಬಲ ಬರುತ್ತಿತ್ತು. ಅಪ್ಪ ಆಟೋ ಓಡಿಸಿ, ಅಮ್ಮ ಗಾರ್ಮೆಂಟ್ಸಿಗೆ ಹೋಗಿ ದುಡಿದದ್ದರಲ್ಲಿ ಇಂಗ್ಲಿಷ್ ಮಾಧ್ಯಮದ ಫೀಸು ಕಟ್ಟುವ ಮನೆಗಳು ಈಗ ಹೆಚ್ಚಿವೆ. 2006-07ರಿಂದ ಎಂಟನೆಯ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲು ಕೋವಿಡ್ ನಂತರ ನಿಂತಿತು. ಹಾಸ್ಟೆಲ್ಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು ಬಂದ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲೆಂದು ಆರಂಭವಾದ ಯೋಜನೆ. ಆ ಮೊತ್ತಕ್ಕೆ ಬೆಂಗಳೂರಿರಲಿ, ಧಾರವಾಡದಲ್ಲೂ ಊಟ ಮತ್ತು ವಸತಿ ಎರಡೂ ನೀಗುವುದಿಲ್ಲ.

ಗ್ಯಾರಂಟಿಗಳ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ನಿಯಮವಿದೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000. ಬೆಂಗಳೂರಿನಲ್ಲಿ ಕಾನೂನು ಹೇಳುವ ಕನಿಷ್ಠ ವೇತನವನ್ನು ಪೂರ್ಣವಾಗಿ ಪಡೆಯುವ ಒಬ್ಬ ಅಕುಶಲ ಕಾರ್ಮಿಕನೂ ಈ ಮಿತಿಯನ್ನು ದಾಟುತ್ತಾನೆ. ಪಿಎಫ್ ಇರುವ, ಬ್ಯಾಂಕಿನ ಮೂಲಕ ಸಂಬಳ ಬರುವ ಕೆಲಸಕ್ಕೆ ಸೇರಿದವನ ಆದಾಯ ಕಾಗದದಲ್ಲಿ ಕಾಣುತ್ತದೆ. ಕೈಗೆ ನಗದು ಪಡೆಯುವವನದ್ದು ಕಾಣುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹೋದದ್ದಕ್ಕೆ ರೇಷನ್ನು, ಆರೋಗ್ಯದ ರಕ್ಷಣೆ, ಹೀಗೆ ಕಾರ್ಡನ್ನೇ ನಂಬಿದ ಸವಲತ್ತುಗಳೆಲ್ಲ ಒಮ್ಮೆಲೇ ಕೈತಪ್ಪಬಹುದೆಂಬ ಭಯ ಹುಟ್ಟುತ್ತದೆ. 2024ರ ನವೆಂಬರ್‌ನಲ್ಲಿ ಅನರ್ಹರ ಕಾರ್ಡು ರದ್ದುಮಾಡಲು ಹೊರಟಾಗ ಎದ್ದ ಗದ್ದಲ, ಆಮೇಲೆ ಆದಾಯ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಬೇಕಾಗಿ ಬಂದದ್ದು ತಮಗೆ ನೆನಪಿರಬಹುದು. ನೆರವು ಒಂದು ಗೆರೆಯ ಆಚೆ ಥಟ್ಟನೆ ನಿಲ್ಲುವಂತಿದ್ದರೆ ಜನ ಗೆರೆಯ ಈಚೆಯೇ ಉಳಿಯಲು ದಾರಿ ಹುಡುಕುತ್ತಾರೆ. ತಪ್ಪು ಅವರದ್ದಲ್ಲ.

ಕನಿಷ್ಠ ವೇತನದ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಕನಿಷ್ಠ ವೇತನವನ್ನು ಲೆಕ್ಕ ಹಾಕುವ ಮಾನದಂಡವನ್ನು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ರೂಪಿಸಿತು: ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಇಂಧನ ಮತ್ತು ದೀಪದಂಥ ಖರ್ಚು. 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣ, ವೈದ್ಯಕೀಯ ಖರ್ಚು, ಹಬ್ಬಹರಿದಿನ, ವೃದ್ಧಾಪ್ಯ, ಮದುವೆ ಇವುಗಳಿಗೆ ಇನ್ನೂ ಶೇ 25 ಸೇರಬೇಕೆಂದಿತು. ಜೀವನ ವೆಚ್ಚದೊಳಗೆ ಮಕ್ಕಳ ಭವಿಷ್ಯವೂ ಸೇರಿದೆ ಎಂದು ನ್ಯಾಯಾಲಯ ಅಂದೇ ಒಪ್ಪಿತ್ತು. ಕರ್ನಾಟಕ 2025ರ ಏಪ್ರಿಲ್‌ನಲ್ಲಿ ಈ ಸೂತ್ರದ ಮೇಲೆ ವೇತನವನ್ನು ಗಣನೀಯವಾಗಿ ಏರಿಸುವ ಕರಡು ಅಧಿಸೂಚನೆ ಹೊರಡಿಸಿದಾಗ ಉದ್ಯಮಿಗಳ ಕಡೆಯಿಂದ ಬಲವಾದ ಆಕ್ಷೇಪಣೆ ಬಂತು. ಬಜೆಟ್ಟಿನಿಂದ ಹಣ ಕೊಡುವ ಯೋಜನೆಗಿಂತ ಮಾಲೀಕರಿಂದ ಕೊಡಿಸುವ ವೇತನ ರಾಜಕೀಯವಾಗಿ ಕಷ್ಟ. ಅದಕ್ಕೇ ಸರ್ಕಾರಗಳು ಮೊದಲನೆಯದನ್ನು ಆಯ್ದುಕೊಳ್ಳುತ್ತವೆ.

ಪ್ರಾದೇಶಿಕ ಅಸಮತೋಲನದ ಬಗ್ಗೆ ಚುಟುಕಾಗಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ತಮ್ಮ ಪ್ರದೇಶದಲ್ಲಷ್ಟೇ ಅಲ್ಲ, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲೂ ಶೇ 8ರಷ್ಟು ಸೀಟು ಸಿಗುತ್ತದೆ. ರಾಯಚೂರಿನ ಹುಡುಗಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತು. ಅವಳು ಎಲ್ಲಿ ಉಳಿದುಕೊಳ್ಳಬೇಕು ಎಂಬ ಪ್ರಶ್ನೆಗೆ ಆ ವಿಧಿಯಲ್ಲಿ ಉತ್ತರವಿಲ್ಲ.

ಉಪನ್ಯಾಸದ ಬಳಿಕ ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಗ್ಯಾರಂಟಿಗಳನ್ನು ನಿಲ್ಲಿಸಬೇಕೆ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಬೇಡ. 2025-26ರಲ್ಲಿ ಅವುಗಳಿಗೆ ತೆಗೆದಿರಿಸಿದ್ದು ಸುಮಾರು 51,000 ಕೋಟಿ, ಒಟ್ಟು ಬಜೆಟ್ 4.09 ಲಕ್ಷ ಕೋಟಿ. ಎಂಟರಲ್ಲಿ ಒಂದು ಪಾಲು. ಹಸಿವು, ಅನಾರೋಗ್ಯದಿಂದ ಕೆಳಕ್ಕೆ ಜಾರುವ ಮನೆಗಳನ್ನು ತಡೆಯಲು ಅಷ್ಟು ಖರ್ಚಾದರೆ ನನಗೆ ತಕರಾರಿಲ್ಲ. ಬಿಪಿಎಲ್ ಆದಾಯ ಮಿತಿಯನ್ನು ಕನಿಷ್ಠ ವೇತನಕ್ಕೆ ತಕ್ಕಂತೆ ಏರಿಸಬೇಕು, ಮಿತಿ ದಾಟಿದ ಮನೆಗೆ ಕೆಲವು ವರ್ಷ ಕಾರ್ಡು ಉಳಿಯಬೇಕು, ಶಕ್ತಿಯನ್ನು ಕರಾವಳಿಯ ಖಾಸಗಿ ಮಾರ್ಗಗಳಿಗೂ ಒಂದು ಪಾಸಿನ ರೂಪದಲ್ಲಿ ವಿಸ್ತರಿಸುವುದನ್ನು ಯೋಚಿಸಬೇಕು.

ಹೆಚ್ಚು ಹಣವಿಲ್ಲದೆ ಮೊದಲು ಮಾಡಬಹುದಾದದ್ದೇನು ಎಂದು ಅಧ್ಯಾಪಕಿಯೊಬ್ಬರು ಕೇಳಿದರು. ಬಾಡಿಗೆಯ ಮುಂಗಡಕ್ಕೆ ಎರಡು ತಿಂಗಳ ಮಿತಿ ಹಾಕುವುದು ಎಂದೆ. ಅದಕ್ಕೆ ಬೊಕ್ಕಸದಿಂದ ಹಣ ಬೇಕಿಲ್ಲ, ಆದರೆ ಅದು ಸುಲಭವೂ ಅಲ್ಲ. ಬೆಂಗಳೂರಿನ ಮನೆ ಮಾಲೀಕರಲ್ಲಿ ಎಷ್ಟೋ ಮಂದಿ ನಿವೃತ್ತ ನೌಕರರು. ಹಿಂದಿನ ಬಾಡಿಗೆದಾರರ ಮುಂಗಡವನ್ನು ಮನೆ ಸಾಲಕ್ಕೋ ಮಗಳ ಮದುವೆಗೋ ಖರ್ಚು ಮಾಡಿ, ಹೊಸಬರಿಂದ ಪಡೆದು ಹಳಬರಿಗೆ ಕೊಡುವವರು. ಒಂದೇ ದಿನ ಮಿತಿ ಹಾಕಿದರೆ ಅವರು ಹಳಬರಿಗೆ ಹಣ ಮರಳಿಸಲಾರರು. ಆದ್ದರಿಂದ ಹೊಸ ಕರಾರುಗಳಿಗೆ ಮೊದಲು ಆರು ತಿಂಗಳು, ಮರುವರ್ಷ ನಾಲ್ಕು, ಮೂರನೆಯ ವರ್ಷ ಎರಡು ಎಂದು ಇಳಿಸುತ್ತ ಬರುವುದು, ಜೊತೆಗೆ ಖಾಲಿ ಮಾಡಲೊಪ್ಪದ ಬಾಡಿಗೆದಾರನ ಪ್ರಕರಣ ಕೆಲವೇ ತಿಂಗಳಲ್ಲಿ ತೀರ್ಮಾನವಾಗುವಂತೆ ಬಾಡಿಗೆ ನ್ಯಾಯಾಲಯಗಳನ್ನು ತೆರೆಯುವುದು, ಇವೆರಡೂ ಒಟ್ಟಿಗೇ ಆಗಬೇಕು. ಮಾಲೀಕನ ಭಯ ಹೋಗದೆ ಬರೀ ಮಿತಿ ಹಾಕಿದರೆ ಉಳಿದ ಎಂಟು ತಿಂಗಳ ಹಣ ಕರಾರಿನ ಹೊರಗೆ, ನಗದಾಗಿ, ಕೈ ಬದಲಿಸುತ್ತದೆ.